ಪಾಲುಪಟ್ಟಿಯಲ್ಲಿ ಜಾಗ ಸಿಗದ ತೊಟ್ಟಿಲು

ಕೂಡುಕುಟುಂಬ ಒಡೆದು ಪಾಲಾಗುವಾಗ ಜಮೀನಿನ ಲೆಕ್ಕ ಎಕರೆ, ಗುಂಟೆ, ಆಣೆಯವರೆಗೂ ನಡೆಯುತ್ತದೆ. ಸರ್ವೆ ನಂಬರು, ಚಕ್ಕುಬಂದಿ, ಬಾವಿಯ ನೀರಿನ ಹಕ್ಕು, ತೋಟಕ್ಕೆ ಹೋಗುವ ಗಾಡಿದಾರಿ, ಬೇಲಿಯ ಮೇಲಿನ ಹಲಸಿನ ಮರ ಎಲ್ಲವೂ ವಿಭಾಗಪತ್ರದ ಷೆಡ್ಯೂಲಿಗೆ ಏರುತ್ತವೆ. ಚಿನ್ನ, ಬೆಳ್ಳಿ ತಕ್ಕಡಿಗೆ ಬೀಳುತ್ತವೆ. ಮಂಚ, ಪೆಟ್ಟಿಗೆ, ತೊಟ್ಟಿಲು, ಆರಾಮಕುರ್ಚಿಗಳ ಸರದಿ ಬರುವ ಹೊತ್ತಿಗೆ ಕೂತವರಿಗೆಲ್ಲ ಸಾಕುಸಾಕಾಗಿರುತ್ತದೆ. ಚರವಸ್ತುಗಳನ್ನು ನಮ್ಮನಮ್ಮಲ್ಲೇ ಒಪ್ಪಿ ಹಂಚಿಕೊಂಡಿದ್ದೇವೆ ಎಂಬರ್ಥದ ಒಂದು ಸಾಲಿನಲ್ಲಿ ಮನೆಯೊಳಗಿನ ಮರಮುಟ್ಟೆಲ್ಲ ಮುಗಿದುಹೋಗುತ್ತದೆ. ಬೇಕಾದವರು ಬೇಕಾದ್ದನ್ನು ಒಯ್ಯುತ್ತಾರೆ, ಉಳಿದದ್ದು ಗುಜರಿಯವನ ಟೆಂಪೋ ಹತ್ತುತ್ತದೆ. ನನ್ನ ತಕರಾರು ಈ ಒಂದು ಸಾಲಿನ ಮೇಲೆಯೇ. ಪತ್ರ ಬರೆಯದ, ಸಹಿ ಹಾಕಲು ಬಾರದ, ಫೋಟೋ ತೆಗೆಸಿಕೊಳ್ಳುವ ಪ್ರಸಂಗವೇ ಬಾರದ ಹಿರಿಯರ ಮಟ್ಟಿಗೆ ಅವರು ಬಳಸಿದ ಸಾಮಾನೇ ದಾಖಲೆ. ಅದನ್ನು ಅಲಂಕಾರದ ವಸ್ತು ಎಂದೋ ಜಾಗ ತಿನ್ನುವ ಹೊರೆ ಎಂದೋ ನೋಡುವುದನ್ನು ಬಿಟ್ಟು, ಮನೆತನದ ಕಡತ ಎಂದು ನೋಡಬೇಕು. ಕಡತವಾಗಿ ಬಾಳಬೇಕಾದರೆ ಎರಡು ಆಗಬೇಕು: ಅದು ಬಳಕೆಯಲ್ಲಿರಬೇಕು, ಅದರ ಹಿಂದುಮುಂದು ಎಲ್ಲಾದರೂ ಬರೆದಿಟ್ಟಿರಬೇಕು.

ಇದು ಬರೀ ಭಾವುಕತೆಯ ಮಾತಲ್ಲ. ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ ಮತ್ತು ಯುಜೀನ್ ರಾಚ್‌ಬರ್ಗ್-ಹಾಲ್ಟನ್ ಎಂಬ ಇಬ್ಬರು ವಿದ್ವಾಂಸರು 1970ರ ದಶಕದಲ್ಲಿ ಅಮೆರಿಕದ ಶಿಕಾಗೋ ಪ್ರದೇಶದ 82 ಕುಟುಂಬಗಳ 315 ಮಂದಿಯನ್ನು ಅವರವರ ಮನೆಯಲ್ಲೇ ಮಾತಾಡಿಸಿ, ಈ ಮನೆಯಲ್ಲಿ ನಿಮಗೆ ವಿಶೇಷವಾದ ವಸ್ತುಗಳು ಯಾವುವು, ಏಕೆ ಎಂದು ಕೇಳಿದರು. 1981ರಲ್ಲಿ ಪುಸ್ತಕವಾಗಿ ಬಂದ ಆ ಅಧ್ಯಯನದಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಬಂದ ಉತ್ತರ ಪೀಠೋಪಕರಣ. ಚಿತ್ರಕಲೆ, ಫೋಟೋ, ಪುಸ್ತಕ, ಟೀವಿ ಎಲ್ಲವೂ ಅದರ ಹಿಂದೆ. ಕಾರಣ ಹೇಳುವಾಗ ಜನ ಕುರ್ಚಿಯ ಮೆತ್ತೆಯ ಸುಖವನ್ನಾಗಲಿ ಮರದ ಬೆಲೆಯನ್ನಾಗಲಿ ಹೆಚ್ಚಾಗಿ ಎತ್ತಲಿಲ್ಲ. ಯಾರು ಕೊಟ್ಟರು, ಯಾವಾಗ ಕೊಂಡೆವು, ಅದರ ಮೇಲೆ ಯಾರು ಕೂರುತ್ತಿದ್ದರು ಎಂಬುದೇ ಮಾತಾಯಿತು. ಮಕ್ಕಳು ಮಾತ್ರ ಸ್ಟೀರಿಯೋ ಮುಂತಾದವುಗಳ ಕಡೆ ಬೆರಳು ತೋರಿಸಿದರು, ಅದೂ ಸಹಜವೇ. ಸಾಮೂಹಿಕ ನೆನಪಿನ ಬಗ್ಗೆ ಮೊದಲಿಗೆ ಗಂಭೀರವಾಗಿ ಬರೆದವರಲ್ಲಿ ಒಬ್ಬನಾದ ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರಿಸ್ ಹಾಲ್ಬ್‌ವಾಕ್ಸ್ ಇದನ್ನೇ ಇನ್ನೊಂದು ದಿಕ್ಕಿನಿಂದ ಹೇಳಿದ್ದ. ಸುತ್ತಲಿನ ವಸ್ತುಗಳು ಬೇಗ ಬದಲಾಗುವುದಿಲ್ಲವಾದ್ದರಿಂದಲೇ ನಮ್ಮ ಮನಸ್ಸು ಒಂದು ಸ್ತಿಮಿತದಲ್ಲಿರುತ್ತದೆ, ಗುಂಪಿನ ನೆನಪು ಊರಿ ನಿಲ್ಲುವುದು ಜಾಗ ಮತ್ತು ವಸ್ತುಗಳ ಮೇಲೆ ಎಂಬುದು ಅವನ ವಾದ. ಹಾಗಾದರೆ ವಸ್ತುಗಳು ಚದುರಿದಾಗ ಆ ನೆನಪಿನ ಗತಿ ಏನು ಎಂಬ ಪ್ರಶ್ನೆ ಏಳುತ್ತದೆ. ವರ್ಷಕ್ಕೊಂದು ಮನೆ ಬದಲಿಸುವ, ಮಕ್ಕಳಲ್ಲಿ ಒಬ್ಬರು ಬೆಂಗಳೂರಲ್ಲಿ, ಇನ್ನೊಬ್ಬರು ಸಿಡ್ನಿಯಲ್ಲಿ ಇರುವ ನಮಗೆ ಅದು ತುರ್ತಿನದು.

ಕಲಘಟಗಿಯ ತೊಟ್ಟಿಲನ್ನು ನೋಡಿ. ಧಾರವಾಡ ಜಿಲ್ಲೆಯ ಈ ಊರಿನ ಚಿತ್ರಗಾರರು ಸಾಗವಾನಿಯಲ್ಲಿ ಮಾಡಿ, ಅರಗಿನ ಬಣ್ಣದಲ್ಲಿ ಬಾಲಕೃಷ್ಣನ ಲೀಲೆ, ರಾಮಾಯಣದ ಪ್ರಸಂಗಗಳನ್ನು ಬರೆದ ತೊಟ್ಟಿಲುಗಳು ಉತ್ತರ ಕರ್ನಾಟಕದ ಅನೇಕ ಮನೆತನಗಳಲ್ಲಿ ತಲೆಮಾರುಗಳಿಂದ ಉಳಿದುಬಂದಿವೆ. ಒಂದು ಮಗುವಿಗೆ ಅದರ ಅಗತ್ಯ ಕೆಲವೇ ತಿಂಗಳು. ಆಮೇಲೆ ಬಿಚ್ಚಿ ಅಟ್ಟ ಸೇರಿಸಿದರೆ ವರ್ಷಗಟ್ಟಲೆ ಕೇಳುವವರಿಲ್ಲ. ಮತ್ತೊಂದು ಹೆರಿಗೆಯ ಸುದ್ದಿ ಬಂದಾಗ ಇಳಿಯುತ್ತದೆ, ಒರೆಸಿ ಹಗ್ಗ ಬದಲಾಯಿಸಿ ಕಟ್ಟುತ್ತಾರೆ, ಸಾಲದ್ದಕ್ಕೆ ಬೀಗರ ಮನೆಗೂ ನೆರೆಮನೆಗೂ ಕಡ ಹೋಗುತ್ತದೆ. ಹೀಗೆ ಒಂದೇ ತೊಟ್ಟಿಲಲ್ಲಿ ಮಲಗಿದವರ ಸಾಲು ಹಿಡಿದರೆ ಒಂದು ವಂಶವೃಕ್ಷವೇ ಆಗುತ್ತದೆ, ಅದೂ ಗಂಡುಮಕ್ಕಳ ಹೆಸರಷ್ಟೇ ಇರುವ ವಂಶವೃಕ್ಷವಲ್ಲ. ಹೆಣ್ಣುಮಕ್ಕಳು, ಅವರು ತವರಿಗೆ ಬಂದು ಹೆತ್ತ ಮಕ್ಕಳು, ವರ್ಷ ತುಂಬುವ ಮೊದಲೇ ತೀರಿಹೋದ ಕೂಸುಗಳು ಎಲ್ಲರೂ ಅದರಲ್ಲಿದ್ದಾರೆ. ದೇಶಕ್ಕೆಲ್ಲ ಅನ್ವಯಿಸುವ ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕೂ ಹಿಂದೆ ಹಳ್ಳಿಯಲ್ಲಿ ಹುಟ್ಟಿ ಹಳ್ಳಿಯಲ್ಲೇ ಕಣ್ಣುಮುಚ್ಚಿದ ಎಷ್ಟೋ ಶಿಶುಗಳಿಗೆ ತೊಟ್ಟಿಲು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ. ಇಲ್ಲೊಂದು ಸೂಕ್ಷ್ಮವಿದೆ. ತೊಟ್ಟಿಲಲ್ಲಿ ಮಲಗಿದ್ದ ಯಾರಿಗೂ ಅದು ನೆನಪಿರಲು ಸಾಧ್ಯವಿಲ್ಲ. ಇದರಲ್ಲಿ ನೀನು, ನಿನ್ನ ಅಪ್ಪ, ನಿನ್ನ ಸೋದರತ್ತೆ ಮಲಗಿದ್ದಿರಿ ಎಂದು ಹೇಳುವ ಇನ್ನೊಂದು ಬಾಯಿ ಬೇಕೇ ಬೇಕು. ಆ ಬಾಯಿ ಇಲ್ಲವಾದ ದಿನ ತೊಟ್ಟಿಲು ಬಣ್ಣದ ಮರವಷ್ಟೇ. ಪೀಠೋಪಕರಣ ನೆನಪನ್ನು ಕಾಯುತ್ತದೆ ಎಂದು ನಾವು ಸಲೀಸಾಗಿ ಹೇಳುವ ಮಾತಿನ ಮಿತಿ ಇದು. ಅದು ನೆನಪಿಗೆ ಕೊಕ್ಕೆ ಒದಗಿಸುತ್ತದೆ; ತಗುಲಿಹಾಕುವ ಕೆಲಸ ಮನುಷ್ಯರದು.

ಆ ಕೆಲಸವನ್ನು ಮನುಷ್ಯರು ಎಲ್ಲ ಸಾಮಾನಿಗೂ ಸಮನಾಗಿ ಮಾಡುವುದಿಲ್ಲ. ಹೆಚ್ಚಿನ ಮನೆಗಳಲ್ಲಿ ಮೊದಲು ನೆನಪಾಗುವುದು ಅಜ್ಜನ ಆರಾಮಕುರ್ಚಿ. ಬೆತ್ತದ ಹೆಣಿಗೆ, ಹಿಂದಕ್ಕೆ ವಾಲಿದ ಬೆನ್ನು, ಕಾಲು ಚಾಚಲು ಮುಂದಕ್ಕೆ ಹೊರಳಿಸಿಕೊಳ್ಳುವ ಉದ್ದನೆಯ ಕೈಗಳು. ಒಮ್ಮೆ ಅದರಲ್ಲಿ ಒರಗಿದವನು ಸುಲಭಕ್ಕೆ ಏಳಲಾರ, ಕಾಫಿಯ ಲೋಟ ಕೈಗೇ ಬರಬೇಕು. ಒಬ್ಬರು ಕೂತು ಇನ್ನೊಬ್ಬರು ಓಡಾಡುವ ಮನೆಯ ವ್ಯವಸ್ಥೆ ಆ ಕುರ್ಚಿಯ ಆಕಾರದಲ್ಲೇ ಇದೆ. ಅದೇ ಮನೆಯ ಅಡುಗೆಕೋಣೆಯ ಈಳಿಗೆಮಣೆಯನ್ನು ಪಕ್ಕಕ್ಕಿಟ್ಟು ನೋಡಬೇಕು. ಕಾಲು ಊರುವ ಜಾಗದಲ್ಲಿ ಹಲಗೆ ಸವೆದು ನುಣುಪಾಗಿರುತ್ತದೆ, ಮಸೆದು ಮಸೆದು ಅಲಗು ತೆಳ್ಳಗಾಗಿರುತ್ತದೆ. ಅಜ್ಜಿ, ಅವಳ ಸೊಸೆ, ಹಬ್ಬಕ್ಕೆ ಬಂದ ಅತ್ತಿಗೆ ನಾದಿನಿಯರು ದಿನಕ್ಕಿಷ್ಟು ಹೊತ್ತು ಎಂದು ಹತ್ತಾರು ವರ್ಷ ಕೂತ ಆಸನ ಅದು. ಮನೆಯ ಹೆಂಗಸಿಗೆ ಹಗಲಿನಲ್ಲಿ ಕೂರಲು ಸಿಗುತ್ತಿದ್ದ ಜಾಗವೇ ಅದಾಗಿತ್ತು ಎಂದರೂ ತಪ್ಪಿಲ್ಲ. ಆದರೆ ಕುರ್ಚಿಗೆ ಪಾಲಿಶ್ ಹಾಕಿ ಹಜಾರದಲ್ಲಿ ಇಡುತ್ತೇವೆ, ಈಳಿಗೆ ಕಬ್ಬಿಣದ ತೂಕಕ್ಕೆ ಹೋಗುತ್ತದೆ. ಯಾವುದು ಪೀಠೋಪಕರಣ, ಯಾವುದು ಬರೀ ಸಾಮಾನು ಎಂದು ವಿಂಗಡಿಸುವಾಗಲೇ ಯಾರನ್ನು ನೆನೆಯಬೇಕು, ಯಾರನ್ನು ಮರೆಯಬಹುದು ಎಂಬುದೂ ತೀರ್ಮಾನವಾಗಿಬಿಡುತ್ತದೆ. ನನ್ನ ಮಾತು ಕೇಳುವುದಾದರೆ, ಎರಡರಲ್ಲಿ ಒಂದಕ್ಕೇ ಜಾಗವಿದ್ದರೆ ಈಳಿಗೆಮಣೆ ಉಳಿಸಿಕೊಳ್ಳಿ. ಅಜ್ಜನ ಹೆಸರು ಪಹಣಿಯ ಕಾಗದದಲ್ಲೂ ಸೊಸೈಟಿಯ ಪುಸ್ತಕದಲ್ಲೂ ಹೇಗೂ ಇರುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ವಾದಕ್ಕೆ ಕಾನೂನಿನ ಬಲವೂ ಇದೆ. ಉತ್ತರಾಧಿಕಾರದ ಕಾನೂನಿಗೆ ಕರ್ನಾಟಕದ 1994ರ ತಿದ್ದುಪಡಿ, ಆಮೇಲೆ 2005ರ ಕೇಂದ್ರ ತಿದ್ದುಪಡಿ ಬರುವ ತನಕ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳು ಮಗನಿಗೆ ಸಮನಾದ ಪಾಲುದಾರಳಾಗಿರಲಿಲ್ಲ. ಭೂಮಿಯ ಬದಲು ಅವಳ ಜೊತೆ ಹೊರಟದ್ದು ಮಂಚ, ಹಾಸಿಗೆ, ಪೆಟ್ಟಿಗೆ, ಆಮೇಲಿನ ಕಾಲದಲ್ಲಿ ಉಕ್ಕಿನ ಬೀರು. ಗಂಡನ ಮನೆಯ ಕೋಣೆಯಲ್ಲಿ ನಿಂತಿರುವ ಆ ಬೀರು ಅವಳ ತವರಿನ ಏಕೈಕ ಪ್ರತಿನಿಧಿ. ವರದಕ್ಷಿಣೆಯ ಪಿಡುಗಿನೊಂದಿಗೆ ಇದು ಎಷ್ಟು ಹೆಣೆದುಕೊಂಡಿದೆ ಎಂಬುದು ಎಲ್ಲರಿಗೂ ಗೊತ್ತು, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಅದೇ ಪಿಡುಗನ್ನು ತಡೆಯಲು 1961ರ ಕಾಯ್ದೆಯಡಿ 1985ರಲ್ಲಿ ಬಂದ ನಿಯಮಗಳನ್ನು ಓದಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಮದುವೆಯಲ್ಲಿ ಬಂದ ಉಡುಗೊರೆಗಳ ಲಿಖಿತ ಪಟ್ಟಿ ಇರಬೇಕು, ಅದರಲ್ಲಿ ವಸ್ತುವಿನ ಚುಟುಕು ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಅವರು ಏನಾಗಬೇಕು ಎಂಬ ಸಂಬಂಧ ಇಷ್ಟೂ ಇರಬೇಕು, ವಧೂವರರ ಸಹಿ ಬೀಳಬೇಕು. ಬೆಲೆಯೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಕುಟುಂಬದ ನೆನಪಿನ ಕಲಮುಗಳೇ. ಸ್ತ್ರೀಧನ ಗಂಡನ ಮನೆಯಲ್ಲಿದ್ದರೂ ಅದು ಹೆಣ್ಣಿನದೇ ಸ್ವತ್ತು ಎಂದು ಸುಪ್ರೀಂ ಕೋರ್ಟ್ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿದ್ದೂ 1985ರಲ್ಲೇ. ಈ ಪಟ್ಟಿ ಬರೆಯುವ ಮನೆ ಎಷ್ಟಿದ್ದಾವು? ಮದುವೆಯ ಸ್ಟೀಲ್ ಡಬ್ಬಿಯ ಮೇಲೆ ಕೊಟ್ಟವರ ಹೆಸರು, ಇಸವಿ ಕೊರೆಸಲು ಮರೆಯದ ನಾವು ಅದರ ಹತ್ತಾರು ಪಟ್ಟು ಬೆಲೆಯ ಮಂಚದ ಅಡಿಯಲ್ಲಿ ಒಂದು ಅಕ್ಷರ ಬರೆಯುವುದಿಲ್ಲ.

ಬರೆಯದಿದ್ದರೆ ಆಗುವ ನಷ್ಟ ಏನೆಂದು ತಿಳಿಯಲು ಹಳೇ ವಸ್ತುಗಳ ಪೇಟೆಗೆ ಹೋಗಬೇಕು. ಚೆಟ್ಟಿನಾಡಿನ ಬಂಗಲೆಗಳನ್ನು ಕೆಡವಿದಾಗ ಹೊರಬಿದ್ದ ಕಂಬ, ಕದ, ಪೆಟ್ಟಿಗೆ, ಕುರ್ಚಿಗಳು ಕಾರೈಕುಡಿಯ ಅಂಗಡಿಗಳಲ್ಲಿ ರಾಶಿ ಬಿದ್ದಿವೆ. ಕೊಚ್ಚಿಯ ಮಟ್ಟಾಂಚೇರಿಯಲ್ಲೂ ಅದೇ ವ್ಯಾಪಾರ. ಅಲ್ಲಿ ಬೆಲೆ ಕಟ್ಟುವುದು ಮರದ ಜಾತಿಗೆ, ಕೆತ್ತನೆಗೆ, ವಯಸ್ಸಿಗೆ. ಯಾರ ಮನೆಯದು ಎಂದು ಕೇಳಿದರೆ ಉತ್ತರವಿಲ್ಲ, ಉತ್ತರವಿಲ್ಲ ಎಂಬ ಕಾರಣಕ್ಕೆ ಬೆಲೆ ಇಳಿಯುವುದೂ ಇಲ್ಲ. ಅಲ್ಲಿಂದ ಹೊರಟ ಪೆಟ್ಟಿಗೆ ಯಾವುದೋ ರೆಸಾರ್ಟಿನ ಸ್ವಾಗತಕೋಣೆಯಲ್ಲಿ ಹೂದಾನಿ ಹೊತ್ತು ನಿಲ್ಲುತ್ತದೆ. ವಸ್ತುಸಂಗ್ರಹಾಲಯ ಇದಕ್ಕಿಂತ ಎಷ್ಟೋ ವಾಸಿ. ಬ್ಯಾಂಕ್ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈ ಮಣಿಪಾಲದಲ್ಲಿ ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ ಕರ್ನಾಟಕ ಋಣಿಯಾಗಿರಬೇಕು. ನೆಲಸಮವಾಗಲಿದ್ದ ಮನೆಗಳನ್ನು ತೊಲೆ, ಹಲಗೆ, ಹೆಂಚು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದಲ್ಲದೆ ಹರ್ಕೂರು ಒಳಗಿನಮನೆ, ಮಿಯಾರು ಮನೆ, ಕುಂಜೂರು ಚೌಕಿಮನೆ ಎಂದು ಊರು, ಮನೆಗಳ ಹೆಸರನ್ನೂ ಉಳಿಸಿದರು. ಆದರೂ ಒಂದು ಸಂಗ್ರಹಾಲಯಕ್ಕೆ ಮನೆತನದ ಹೆಸರು ದಕ್ಕಬಹುದು, ಅಡುಗೆಮನೆಯ ಮೂಲೆಯ ಮಣೆಯ ಮೇಲೆ ಯಾರು ಕೂರುತ್ತಿದ್ದರು ಎಂಬುದು ದಕ್ಕುವುದಿಲ್ಲ. ಕುಪ್ಪಳಿಯ ಕವಿಮನೆಗೆ ಹೋದವರಿಗೆ ಅಲ್ಲಿನ ಮರದ ಸಾಮಾನುಗಳ ಮುಂದೆ ಬೇರೆ ಅನುಭವ ಆಗುತ್ತದೆ. ಅಂಥ ಮನೆ ಮಲೆನಾಡಿನಲ್ಲಿ ಅದೊಂದೇ ಇದ್ದುದಲ್ಲ, ಅಲ್ಲಿನ ಮರವೂ ಬೇರೆ ಕಾಡಿನದಲ್ಲ. ಆ ಮನೆಯ ಮಗ ಅದರ ಬದುಕನ್ನು 'ನೆನಪಿನ ದೋಣಿಯಲ್ಲಿ' ಕೃತಿಯಲ್ಲಿ ಬರೆದಿಟ್ಟ. ಓದಿಕೊಂಡು ಹೋದವನಿಗೆ ಜಗಲಿ, ಉಪ್ಪರಿಗೆ, ಒಳಗಿನ ವಸ್ತುಗಳೆಲ್ಲ ಪರಿಚಿತ. ಪ್ರತಿ ಮನೆಯಲ್ಲೂ ಕುವೆಂಪು ಹುಟ್ಟಬೇಕಿಲ್ಲ, ಒಂದು ಹಾಳೆ ಬರೆಯುವವರಿದ್ದರೆ ಸಾಕು.

ಇದೆಲ್ಲ ಉಳ್ಳವರ ಹಳಹಳಿಕೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ತೊಟ್ಟಿಮನೆ, ಬೀಟೆಯ ಮಂಚ, ಹಿತ್ತಾಳೆ ಸರಪಳಿಯ ಉಯ್ಯಾಲೆ ಇದ್ದದ್ದು ಎಷ್ಟು ಮನೆಗಳಲ್ಲಿ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಇಂದಿಗೂ ಮನೆಮನೆಗೆ ಹೋಗಿ ಕುರ್ಚಿ ಇದೆಯೇ, ಮೇಜು ಇದೆಯೇ, ಮಂಚ ಇದೆಯೇ, ಹಾಸಿಗೆ ಇದೆಯೇ ಎಂದು ಕೇಳಿ ಬರೆದುಕೊಳ್ಳುತ್ತಾರೆ, ಮನೆಯ ಆರ್ಥಿಕ ಸ್ಥಿತಿಯನ್ನು ಅಳೆಯುವ ಸೂಚ್ಯಂಕಕ್ಕೆ ಈ ಉತ್ತರಗಳೂ ಸೇರುತ್ತವೆ. ಕುರ್ಚಿಯೊಂದು ಇಲ್ಲದಿರುವ ಮನೆ ಇದೆ ಎಂದಲ್ಲವೇ ಆ ಪ್ರಶ್ನೆಗೆ ಅರ್ಥ? ಆದರೆ ಆಕ್ಷೇಪ ಸೂಚಿಸುವ ದಿಕ್ಕು ಬೇರೆ. ಸಾಮಾನು ಕಡಿಮೆ ಇದ್ದಷ್ಟೂ ಒಂದೊಂದರ ಮೇಲೂ ಬೀಳುವ ನೆನಪಿನ ಭಾರ ಹೆಚ್ಚು. ಗುಳೆ ಹೋಗುವ ಕುಟುಂಬದ ತಗಡಿನ ಟ್ರಂಕು, ಕಂತಿನಲ್ಲಿ ಕೊಂಡ ಹೊಲಿಗೆ ಯಂತ್ರ, ಮೊದಲ ಸಂಬಳದಲ್ಲಿ ಬಂದ ಬೀರು, ಇವುಗಳ ಕಥೆ ಹತ್ತು ಮಂಚಗಳ ಮನೆಯ ಕಥೆಗಿಂತ ಗಟ್ಟಿ. 2017ರಲ್ಲಿ ಅಮೃತಸರದಲ್ಲಿ ತೆರೆದ ವಿಭಜನೆಯ ವಸ್ತುಸಂಗ್ರಹಾಲಯದಲ್ಲಿ ಜನ ನಿಂತು ನೋಡುವ ವಸ್ತುಗಳಲ್ಲಿ ಟ್ರಂಕುಗಳೂ ಇವೆ. ಕಲಾಕೃತಿ ಎನ್ನುವಂಥ ಗುಣ ಒಂದೂ ಇಲ್ಲದ ಆ ತಗಡಿನ ಪೆಟ್ಟಿಗೆಗಳನ್ನು ಗಡಿ ದಾಟಿ ಹೊತ್ತು ತಂದವರು ಇದ್ದರು, ಅವರ ಹೆಸರು, ಊರು ಹೇಳಬಲ್ಲ ಮಕ್ಕಳಿದ್ದರು. ಉಳಿಸಲು ಅರ್ಹತೆ ಬರುವುದು ಮರದಿಂದಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಇದಕ್ಕಿಂತ ಕಠಿಣವಾದ ಆಕ್ಷೇಪ ಇನ್ನೊಂದಿದೆ. ಹಳೆಯ ಸಾಮಾನು ಕಾಯುವುದು ಒಳ್ಳೆಯ ನೆನಪನ್ನು ಮಾತ್ರವೇ? ಜಗಲಿಯ ಬೆಂಚಿನ ಮೇಲೆ ಯಾರು ಕೂರಬಹುದಿತ್ತು, ಯಾರು ಅಂಗಳದಲ್ಲೇ ನಿಲ್ಲಬೇಕಿತ್ತು ಎಂಬುದೂ ಆ ಬೆಂಚಿನ ಚರಿತ್ರೆಯೇ. ಗಂಡ ಸತ್ತ ಮೇಲೆ ಮಂಚ ಬಿಟ್ಟು ಚಾಪೆಗೆ ಇಳಿಯಬೇಕಾಗಿದ್ದ ಹೆಂಗಸಿಗೆ ಆ ಮಂಚ ಹೇಳುವ ಕಥೆ ಬೇರೆ. ಇಂಥ ವಸ್ತುಗಳನ್ನು ಒರೆಸಿ, ಮೇಲೆ ದೀಪದ ಬೆಳಕು ಬಿಟ್ಟು, ಪರಂಪರೆ ಎಂದು ಹೊಗಳುವುದರಲ್ಲಿ ಒಂದು ಅಪ್ರಾಮಾಣಿಕತೆ ಇದೆ. ನಮ್ಮ ಹೋಮ್‌ಸ್ಟೇಗಳ ಜಾಹೀರಾತಿನಲ್ಲಿ ಅದು ಎದ್ದು ಕಾಣುತ್ತದೆ. ಹಾಗೆಂದು ಬೆಂಚನ್ನು ಸುಟ್ಟರೆ ಅಂಗಳದಲ್ಲಿ ನಿಂತವರ ಪಾಲಿಗೆ ಇದ್ದ ಸಾಕ್ಷಿಯೂ ಹೋಗುತ್ತದೆ. ಮನೆಯವರು ಬರೆಯುವ ಹಾಳೆಯಲ್ಲಿ ಬೆಂಚು ಮಾಡಿದ ಆಚಾರಿಯ ಹೆಸರೂ ಇರಲಿ, ಅದರ ಮೇಲೆ ಕೂರಲು ಯಾರಿಗೆ ಬಿಡುತ್ತಿರಲಿಲ್ಲ ಎಂಬುದೂ ಇರಲಿ. ಇನ್ನು ವಸ್ತುವಿನಿಂದ ನೋವುಂಡವರೇ ಅದು ಕಣ್ಣೆದುರು ಬೇಡ ಎಂದರೆ ಅಲ್ಲಿಗೆ ಚರ್ಚೆ ಮುಗಿಯಬೇಕು. ಮನೆತನದ ನೆನಪಿನ ಹೆಸರಿನಲ್ಲಿ ಅವರ ಮೇಲೆ ಮಂಚ ಹೇರುವ ಹಕ್ಕು ಯಾರಿಗೂ ಇಲ್ಲ.

ಜಾಗದ ಮಾತು ಎಲ್ಲರೂ ಎತ್ತುವಂಥದು, ನ್ಯಾಯವಾದದ್ದೂ ಹೌದು. ಎರಡು ಕೋಣೆಯ ಫ್ಲ್ಯಾಟಿನ ಲಿಫ್ಟಿನಲ್ಲಿ ಹಳೆಯ ಬೀರು ಹಿಡಿಯುವುದಿಲ್ಲ. ಹನ್ನೊಂದು ತಿಂಗಳ ಕರಾರಿನ ಮೇಲೆ ಬದುಕುವವರಿಗೆ ಪೀಠೋಪಕರಣವನ್ನೂ ತಿಂಗಳ ಬಾಡಿಗೆಗೆ ಕೊಡುವ ಕಂಪನಿಗಳು ಬೆಂಗಳೂರಿನಲ್ಲೇ ಹುಟ್ಟಿದ್ದು ಆಕಸ್ಮಿಕವಲ್ಲ. 2022ರಲ್ಲಿ ನಾಗಸಂದ್ರದಲ್ಲಿ ಐಕಿಯಾ ಮಳಿಗೆ ತೆರೆದಾಗ ನಿಂತ ಸಾಲು ನೆನಪಿದ್ದವರಿಗೆ ಜನರ ಅಗತ್ಯ ಎತ್ತ ಇದೆ ಎಂದು ವಿವರಿಸಬೇಕಿಲ್ಲ. ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ ಅಗ್ಗ, ಹಗುರ, ಸಾಗಿಸಲು ಸಲೀಸು. ಆದರೆ ನೀರು ಕುಡಿದರೆ ಉಬ್ಬುತ್ತದೆ, ನಾಲ್ಕು ಸಲ ಬಿಚ್ಚಿ ಜೋಡಿಸಿದರೆ ಸ್ಕ್ರೂ ಹಿಡಿತ ಬಿಡುತ್ತದೆ, ಆಮೇಲೆ ಆಚಾರಿಯ ಕೈಯಲ್ಲೂ ಅದಕ್ಕೆ ಮದ್ದಿಲ್ಲ. ಮೊಳೆಯಿಲ್ಲದೆ ಒಂದರೊಳಗೊಂದು ಕೂಡಿಸಿದ ಹಳೆಯ ಮಂಚವನ್ನಾದರೆ ಬಿಚ್ಚಿ, ಬೆಣೆ ಬಡಿದು ಮತ್ತೆ ಬಿಗಿ ಮಾಡಬಹುದು. ಹೊಸದನ್ನು ಕೊಳ್ಳಬೇಡಿ ಎನ್ನುವುದು ನನ್ನ ವಾದವಲ್ಲ. ಎಲ್ಲವನ್ನೂ ಉಳಿಸಿ ಎಂದೂ ಅಲ್ಲ. ಎಲ್ಲವನ್ನೂ ಉಳಿಸಿದ ಮನೆ ಗೋದಾಮು. ಒಂದು ಮನೆಗೆ ಒಂದು ವಸ್ತು ಸಾಕು, ಅದು ದಿನಬಳಕೆಯಲ್ಲಿರಲಿ. ಬೇಕಿದ್ದರೆ ಅದರ ರೂಪ ಬದಲಾಗಲಿ. ದೊಡ್ಡ ಮಂಚದ ಹಲಗೆಯಿಂದ ಓದುವ ಮೇಜು ಮಾಡಿಸಿ, ಭತ್ತದ ಪೆಟ್ಟಿಗೆಯಲ್ಲಿ ಪುಸ್ತಕ ಜೋಡಿಸಿ. ಮೂಲರೂಪ ಕೆಡಿಸಬಾರದು ಎಂಬ ಮಡಿ ಸಂಗ್ರಹಕಾರರದು, ಮನೆಯವರಿಗೆ ಅದು ಬೇಕಿಲ್ಲ. ರಿಪೇರಿಯೂ ಚರಿತ್ರೆಯ ಭಾಗವೇ. ಬೀಗ ಹಾಕಿದ ಊರಮನೆಯಲ್ಲಿ ಭದ್ರವಾಗಿದೆ ಎಂದುಕೊಂಡ ಸಾಮಾನಿನ ಪಾಡು ಮಲೆನಾಡು, ಕರಾವಳಿಯವರಿಗೆ ಗೊತ್ತು. ಎರಡು ಮಳೆಗಾಲ ಕಳೆದರೆ ಬೂಷ್ಟು, ಮೂರನೆಯದಕ್ಕೆ ಗೆದ್ದಲು. ವಿದೇಶದಿಂದ ವರ್ಷಕ್ಕೊಮ್ಮೆ ಬಂದು ಬಾಗಿಲು ತೆಗೆಯುವವರಿಗೆ ಸಿಗುವುದು ಹಲಗೆಯ ಸಿಪ್ಪೆ.

ಫೋಟೋ ತೆಗೆದಿಟ್ಟುಕೊಂಡರೆ ಸಾಲದೇ ಎಂದು ಕೇಳುವವರಿಗೆ ಅರ್ಧ ಒಪ್ಪಿಗೆ. ಗುಜರಿಗೆ ಹೋಗುವುದೇ ಖಾತ್ರಿಯಾದರೆ ಫೋಟೋ ತೆಗೆಯಿರಿ, ಏನೂ ಇಲ್ಲದ್ದಕ್ಕಿಂತ ಲೇಸು. ಆದರೆ ಫೋಟೋ ತೆಗೆಯುವುದು ಮದುವೆ, ನಾಮಕರಣ, ಪ್ರವಾಸಗಳಲ್ಲಿ; ಮಂಗಳವಾರ ಮಧ್ಯಾಹ್ನ ಅಕ್ಕಿ ಆರಿಸುತ್ತ ಕೂತವರ ಚಿತ್ರ ಯಾರ ಫೋನಿನಲ್ಲೂ ಇಲ್ಲ. ದಿನನಿತ್ಯದ ಬಾಳು ಗುರುತು ಬಿಡುವುದು ಮಣೆಯ ಸವಕಲಿನಲ್ಲಿ, ಮೇಜಿನ ಮೇಲೆ ಬಿಸಿಪಾತ್ರೆ ಇಟ್ಟ ಕಪ್ಪು ಉಂಗುರದಲ್ಲಿ. ಸಾವಿರಾರು ಚಿತ್ರಗಳ ನಡುವೆ ಕುರ್ಚಿಯ ಚಿತ್ರವನ್ನು ಹುಡುಕಿ ನೋಡುವವರು ಯಾರು? ಕುರ್ಚಿಯಾದರೆ ದಾರಿಗಡ್ಡ ಇರುತ್ತದೆ, ಎಡವಿದ ಮಗು ಇದು ಯಾರದು ಎಂದು ಕೇಳುತ್ತದೆ.

ಹಾಗಾಗಿ ಪಾಲು ಮಾಡಿಕೊಳ್ಳಲು ಕೂತವರು ವಿಭಾಗಪತ್ರದ ಜೊತೆಗೆ ಇನ್ನೊಂದು ಹಾಳೆ ಇಟ್ಟುಕೊಳ್ಳಬೇಕು. ಯಾರ ಹಕ್ಕನ್ನೂ ವರ್ಗಾಯಿಸದ ಈ ಟಿಪ್ಪಣಿಗೆ ಛಾಪಾಕಾಗದವೂ ಬೇಡ, ನೋಂದಣಿಯೂ ಬೇಡ. 1985ರ ನಿಯಮಗಳ ಕಲಮುಗಳನ್ನೇ ತುಸು ಬದಲಿಸಿಕೊಂಡರಾಯಿತು: ವಸ್ತು ಏನು, ಎಲ್ಲಿಂದ ಬಂತು, ಯಾರು ಮಾಡಿದರು, ಯಾರು ಬಳಸಿದರು, ಎಲ್ಲೆಲ್ಲಿ ರಿಪೇರಿ ಆಗಿದೆ, ಈಗ ಯಾರ ಮನೆಗೆ ಹೋಗುತ್ತಿದೆ. ಹಾಳೆಯ ಒಂದೊಂದು ಪ್ರತಿ ಎಲ್ಲರಿಗೂ, ಸಾಮಾನಿನ ಅಡಿಯಲ್ಲಿ ಅಳಿಯದ ಶಾಯಿಯಲ್ಲಿ ಎರಡು ಸಾಲು. ತೊಟ್ಟಿಲಿನಂಥ ವಸ್ತುವನ್ನು ಒಬ್ಬರ ಪಾಲಿಗೆ ಹಾಕದೆ, ಹೆರಿಗೆಯಿದ್ದ ಮನೆಗೆ ಹೋಗಿ ಬರುವ ಸರದಿಯ ಮೇಲೆ ಬಿಡುವುದು ಮೇಲು. ಹಾಗೆ ಬಿಟ್ಟರೆ ಪಾಲಾದ ಅಣ್ಣತಮ್ಮಂದಿರ ಮನೆಗಳ ನಡುವೆ ಹೋಗಿಬರಲು ಒಂದು ನೆಪವೂ ಉಳಿಯುತ್ತದೆ. ಹಾಳೆ ಬರೆಯುವ ಕೆಲಸವನ್ನು ಮಾತ್ರ ಆಸ್ತಿಪತ್ರ ಓದಿ ಸಹಿ ಹಾಕುವ ಗಂಡಸರಿಗೆ ವಹಿಸಬಾರದು. ಯಾವ ಮಂಚ ಯಾರ ಮದುವೆಯಲ್ಲಿ ಬಂತು, ಯಾವ ಮಣೆಯ ಕಾಲು ಯಾವ ವರ್ಷ ಮುರಿಯಿತು ಎಂಬುದು ಮನೆಯ ಮಗನಿಗಿಂತ ಮೂವತ್ತು ವರ್ಷದ ಹಿಂದೆ ಆ ಮನೆಗೆ ಕಾಲಿಟ್ಟ ಹಿರಿಸೊಸೆಗೇ ಹೆಚ್ಚು ಗೊತ್ತಿರುತ್ತದೆ.